‘ಲೋ-ಕಾರ್ಬ್’ ಪೊಟ್ಟಣದ ಲೇಬಲ್ಲನ್ನು ಲೆಕ್ಕ ಹಾಕಿ ಓದುವ ಬಗೆ

ಕಲಬುರಗಿಯ ಮಧುಮೇಹಿಗಳ ಮನೆಗಳಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ಈಗ ‘ಲೋ-ಕಾರ್ಬ್ ಆಟಾ’ (ಪಿಷ್ಟ, ಸಕ್ಕರೆಯಂಥ ಕಾರ್ಬೋಹೈಡ್ರೇಟ್ ಕಡಿಮೆ ಎನ್ನುವ ಹಿಟ್ಟು), ‘ಕೀಟೋ ಬಿಸ್ಕಿಟ್’, ‘ಡಯಾಬಿಟಿಕ್ ಫ್ರೆಂಡ್ಲಿ ಖಾಖ್ರಾ’ ಮುಂತಾದ ಪೊಟ್ಟಣಗಳು ಕಾಣಿಸಿಕೊಳ್ಳುತ್ತಿವೆ. ಇವುಗಳ ಬೆಲೆ ಸಾಮಾನ್ಯ ಹಿಟ್ಟಿನ ಬೆಲೆಗಿಂತ ಬಹಳ ಹೆಚ್ಚು. ಪೊಟ್ಟಣದ ಮೇಲಿನ ಅಂಕಿಯನ್ನು ನಂಬಿ ಒಂದು ರೊಟ್ಟಿ ಹೆಚ್ಚು ತಿನ್ನುವವರು, ಇನ್ಸುಲಿನ್ ಪ್ರಮಾಣವನ್ನು ತಾವೇ ಕಡಿಮೆ ಮಾಡಿಕೊಳ್ಳುವವರು ಇರುವುದರಿಂದ, ಆ ಅಂಕಿ ತಪ್ಪಾಗಿದ್ದರೆ ಆಗುವ ನಷ್ಟ ಹಣದ್ದಷ್ಟೇ ಅಲ್ಲ. ಆದ್ದರಿಂದ ಕೊಳ್ಳುವ ಮೊದಲು ಐದು ನಿಮಿಷ ನಿಂತು ಲೇಬಲ್ಲನ್ನು ಪರೀಕ್ಷಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಇದಕ್ಕೆ ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಮೊದಲಿಗೆ ಪೊಟ್ಟಣದ ಮುಂಭಾಗದ ದೊಡ್ಡ ಅಕ್ಷರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ, ಅಂದರೆ ಎಫ್ಎಸ್ಎಸ್ಎಐನ, ಜಾಹೀರಾತು ಮತ್ತು ಹೇಳಿಕೆಗಳ 2018ರ ನಿಯಮಗಳು ಕೆಲವು ಮಾತುಗಳಿಗೆ ಖಚಿತ ಮಿತಿ ಹಾಕಿವೆ. ‘ಶುಗರ್ ಫ್ರೀ’ ಎನ್ನಬೇಕಾದರೆ 100 ಗ್ರಾಮಿನಲ್ಲಿ ಸಕ್ಕರೆ 0.5 ಗ್ರಾಂ ಮೀರಬಾರದು. ಗಟ್ಟಿ ಪದಾರ್ಥಕ್ಕೆ ‘ಲೋ ಶುಗರ್’ ಎನ್ನಬೇಕಾದರೆ 5 ಗ್ರಾಂ ಮೀರಬಾರದು. ‘ಲೋ-ಕಾರ್ಬ್’ ಎಂಬ ಮಾತಿಗೆ ಅಂಥ ಗ್ರಾಮಿನ ಮಿತಿ ಆ ಪಟ್ಟಿಯಲ್ಲಿಲ್ಲ. ಹೀಗಾಗಿ 100 ಗ್ರಾಮಿಗೆ 10 ಗ್ರಾಂ ಕಾರ್ಬೋಹೈಡ್ರೇಟ್ ಇರುವ ಹಿಟ್ಟೂ, 45 ಗ್ರಾಂ ಇರುವ ಹಿಟ್ಟೂ ಒಂದೇ ಹೆಸರು ಹೊತ್ತು ಮಾರಾಟಕ್ಕೆ ಬರಬಹುದು. ಪೊಟ್ಟಣದ ಮೇಲಿರುವ 14 ಅಂಕಿಗಳ ಎಫ್ಎಸ್ಎಸ್ಎಐ ಸಂಖ್ಯೆಯು ತಯಾರಕರಿಗೆ ಪರವಾನಗಿ ಅಥವಾ ನೋಂದಣಿ ಇದೆ ಎಂಬುದನ್ನಷ್ಟೇ ಹೇಳುತ್ತದೆ. ಒಳಗಿನ ಪೋಷಕಾಂಶಗಳನ್ನು ಸರ್ಕಾರ ಅಳೆದು ದೃಢಪಡಿಸಿದೆ ಎಂದು ಅದರ ಅರ್ಥವಲ್ಲ. ಆ ಅಂಕಿಗಳು ತಯಾರಕರೇ ಘೋಷಿಸಿದವು.

‘ಶುಗರ್ ಫ್ರೀ’ ಎಂಬುದು ನಿಜವೇ ಆಗಿದ್ದರೂ ಅದರಿಂದ ಕಾರ್ಬೋಹೈಡ್ರೇಟ್ ಕಡಿಮೆ ಎಂದಾಗುವುದಿಲ್ಲ. ಮೈದಾದಲ್ಲಿರುವುದು ಪಿಷ್ಟ, ಲೇಬಲ್ಲಿನಲ್ಲಿ ಅದು ಸಕ್ಕರೆಯ ಸಾಲಿಗೆ ಬರುವುದಿಲ್ಲ, ಹೊಟ್ಟೆಗೆ ಹೋದ ಮೇಲೆ ಗ್ಲುಕೋಸ್ ಆಗುತ್ತದೆ. ಮಾಲ್ಟೋಡೆಕ್ಸ್ಟ್ರಿನ್ ಎಂಬ ಪುಡಿಯೂ ಹಾಗೆಯೇ: ಸಕ್ಕರೆಯ ಸಾಲಿನಲ್ಲಿ ಕಾಣದೆ ರಕ್ತದ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿರುವುದರಿಂದ, ಮೊದಲ ಮೂರು ಹೆಸರುಗಳಲ್ಲಿ ಇವು ಕಂಡರೆ ಆ ಪೊಟ್ಟಣವನ್ನು ಅಲ್ಲಿಯೇ ಇಟ್ಟು ಬರುವುದು ಲೇಸು.

ಇನ್ನು ಹಿಂಭಾಗದ ಕೋಷ್ಟಕ. ಯಾವಾಗಲೂ 100 ಗ್ರಾಮಿನ ಕಾಲಮನ್ನೇ ಓದಿ. ‘ಪ್ರತಿ ಸರ್ವಿಂಗ್‌ಗೆ 4 ಗ್ರಾಂ’ ಎಂಬಲ್ಲಿ ಆ ಸರ್ವಿಂಗ್ ಒಂದೇ ಬಿಸ್ಕಿಟ್ ಆಗಿರಬಹುದು, ಚಹಾದ ಜೊತೆ ಒಂದೇ ಬಿಸ್ಕಿಟ್ ತಿಂದು ಏಳುವವರು ಕಡಿಮೆ.

ಈಗ ಮೂರು ಲೆಕ್ಕಗಳಿಗೆ ಬರೋಣ. ಲೇಬಲ್ ನಿಜವೇ ಎಂದು ಅಂಗಡಿಯಲ್ಲಿ ನಿಂತು ಸಾಬೀತು ಮಾಡಲು ಬರುವುದಿಲ್ಲವಾದರೂ, ಅದರ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲು ಖಂಡಿತ ಬರುತ್ತದೆ.

ಒಂದನೆಯದು ತೂಕದ ಲೆಕ್ಕ. ಒಂದು ಹಿಟ್ಟಿನ ಲೇಬಲ್ಲಿನಲ್ಲಿ 100 ಗ್ರಾಮಿಗೆ ಪ್ರೋಟೀನ್ 28, ಕೊಬ್ಬು 10, ಕಾರ್ಬೋಹೈಡ್ರೇಟ್ 15 ಗ್ರಾಂ ಎಂದಿದ್ದು, ನಾರಿನ ಸಾಲೇ ಇಲ್ಲ ಎಂದಿಟ್ಟುಕೊಳ್ಳಿ. ಒಟ್ಟು 53 ಗ್ರಾಂ ಆಯಿತು. ಒಣ ಹಿಟ್ಟಿನಲ್ಲಿ ತೇವಾಂಶ ಸುಮಾರು 10 ಗ್ರಾಂ, ಖನಿಜ ಎರಡು ಮೂರು ಗ್ರಾಂ ಇರುತ್ತದೆ. ಅವನ್ನು ಕೂಡಿಸಿದರೂ 66ಕ್ಕೆ ನಿಲ್ಲುತ್ತದೆ. ಉಳಿದ 34 ಗ್ರಾಂ ಏನು? ನಾರು ಆಗಿರಬಹುದು, ಹೇಳದೆ ಬಿಟ್ಟ ಪಿಷ್ಟವೂ ಆಗಿರಬಹುದು.

ಎರಡನೆಯದಾದ ಶಕ್ತಿಯ ಲೆಕ್ಕ ಈ ಪ್ರಶ್ನೆಗೆ ಉತ್ತರದ ದಾರಿ ತೋರಿಸುತ್ತದೆ. ಒಂದು ಗ್ರಾಂ ಪ್ರೋಟೀನಿಗೆ 4, ಕಾರ್ಬೋಹೈಡ್ರೇಟಿಗೆ 4, ಕೊಬ್ಬಿಗೆ 9, ನಾರಿಗೆ 2 ಕಿಲೋ ಕ್ಯಾಲೊರಿ ಎಂದು ಹಿಡಿಯುವುದು ವಾಡಿಕೆ. ಮೇಲಿನ ಹಿಟ್ಟಿನಲ್ಲಿ ಹೇಳಿರುವ ಮೂರರಿಂದ 112, 90, 60 ಸೇರಿ 262 ಆಗುತ್ತದೆ. ಉಳಿದ 34 ಗ್ರಾಂ ನಾರಾಗಿದ್ದರೆ 68 ಸೇರಿ 330, ಪಿಷ್ಟವಾಗಿದ್ದರೆ 136 ಸೇರಿ 398. ಕೆಲವು ತಯಾರಕರು ನಾರಿನ ಶಕ್ತಿಯನ್ನು ಲೆಕ್ಕಕ್ಕೆ ಹಿಡಿಯದೆ ಇರಬಹುದಾದ್ದರಿಂದ, ಲೇಬಲ್ಲಿನ ಶಕ್ತಿ 262ರಿಂದ 330ರ ನಡುವೆ ಇದ್ದರೆ ಒಪ್ಪಬಹುದು. 400ರ ಹತ್ತಿರ ಇದ್ದರೆ ಕಾರ್ಬೋಹೈಡ್ರೇಟಿನ ಸಾಲನ್ನು ನಂಬಲು ಕಾರಣವಿಲ್ಲ.

ಮೂರನೆಯದು ಧಾನ್ಯದ ಲೆಕ್ಕ, ನಮ್ಮ ಭಾಗದವರಿಗೆ ಇದು ಅತ್ಯಂತ ಸುಲಭ. ಲೇಬಲ್ಲಿನಲ್ಲಿ ಯಾವುದಾದರೂ ಪದಾರ್ಥವನ್ನು ಎತ್ತಿ ಹೇಳಿದರೆ ಅದರ ಶೇಕಡಾ ಪ್ರಮಾಣವನ್ನೂ ಬರೆಯಬೇಕಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಪೋಷಕಾಂಶ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ನಾರನ್ನು ಬಿಟ್ಟು ಸುಮಾರು 68 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಸಜ್ಜೆಯಲ್ಲಿ 62, ಗೋಧಿ ಹಿಟ್ಟಿನಲ್ಲಿ 64, ತೊಗರಿ ಬೇಳೆಯಲ್ಲಿ 55. ‘ಲೋ-ಕಾರ್ಬ್ ಜೋಳದ ಖಾಖ್ರಾ, ಜೋಳ 40%’ ಎಂಬ ಪೊಟ್ಟಣದಲ್ಲಿ ಜೋಳವೊಂದರಿಂದಲೇ ಸುಮಾರು 27 ಗ್ರಾಂ ಬರುತ್ತದೆ. ಅದೇ ಪೊಟ್ಟಣದ ಹಿಂದೆ ಒಟ್ಟು ಕಾರ್ಬೋಹೈಡ್ರೇಟ್ 15 ಗ್ರಾಂ ಎಂದು ಬರೆದಿದ್ದರೆ ಎರಡರಲ್ಲಿ ಒಂದು ಸುಳ್ಳು. ಜೋಳ, ನವಣೆ, ಸಜ್ಜೆ ಇವು ಒಳ್ಳೆಯ ಧಾನ್ಯಗಳು, ನಾರೂ ಚೆನ್ನಾಗಿದೆ. ಆದರೆ ಸಿರಿಧಾನ್ಯ ಎಂದ ಮಾತ್ರಕ್ಕೆ ಕಾರ್ಬೋಹೈಡ್ರೇಟ್ ಕಡಿಮೆ ಎಂಬ ನಂಬಿಕೆಯನ್ನು ಮಾರಾಟಗಾರರು ಬಳಸಿಕೊಳ್ಳುತ್ತಿರುವುದು ಬೇಸರದ ಸಂಗತಿ. ನಿಜವಾಗಿಯೂ ಕಾರ್ಬೋಹೈಡ್ರೇಟ್ ಕಡಿಮೆ ಇರುವ ಹಿಟ್ಟಿನ ಪಟ್ಟಿಯಲ್ಲಿ ಗೋಧಿಯಿಂದ ತೆಗೆದ ಪ್ರೋಟೀನಾದ ಗ್ಲುಟನ್, ಸೋಯಾ, ಬಾದಾಮಿ, ಅಗಸಿ, ಇಸಬ್ಗೋಲಿನಂಥವು ಮುಂದಿರುತ್ತವೆ, ಧಾನ್ಯ ಹಿಂದಿರುತ್ತದೆ. ಅಂದ ಹಾಗೆ ನಮ್ಮ ಅಗಸಿಯಲ್ಲಿ ನಾರನ್ನು ಬಿಟ್ಟರೆ ಕಾರ್ಬೋಹೈಡ್ರೇಟ್ 11 ಗ್ರಾಂ, ಶೇಂಗಾದಲ್ಲಿ 17 ಗ್ರಾಂ ಮಾತ್ರ. ರೊಟ್ಟಿಯ ಜೊತೆ ಇರುವ ಸಕ್ಕರೆ ಬೆಲ್ಲ ಹಾಕದ ಚಟ್ನಿ ಪುಡಿಗೆ ಯಾವ ಲೇಬಲ್ಲೂ ಬೇಕಿಲ್ಲ.

‘ನೆಟ್ ಕಾರ್ಬ್’ ಎಂಬ ಅಂಕಿಯನ್ನು ಒಟ್ಟು ಕಾರ್ಬೋಹೈಡ್ರೇಟಿನಿಂದ ನಾರನ್ನೂ, ಸಕ್ಕರೆಯ ಬದಲು ಸಿಹಿಗಾಗಿ ಹಾಕುವ ಸಕ್ಕರೆ ಆಲ್ಕೋಹಾಲ್‌ಗಳನ್ನೂ ಕಳೆದು ತೆಗೆಯುತ್ತಾರೆ. ಕೋಷ್ಟಕದ ಕಾರ್ಬೋಹೈಡ್ರೇಟಿನಲ್ಲಿ ನಾರನ್ನು ಮೊದಲೇ ಬಿಟ್ಟಿದ್ದರೆ ಹೀಗೆ ಮತ್ತೆ ಕಳೆಯುವುದು ತಪ್ಪು. ಅದನ್ನು ಮೇಲಿನ ತೂಕದ ಲೆಕ್ಕದಿಂದ ಕಂಡುಹಿಡಿಯಬಹುದು: ನಾರನ್ನೂ ಸೇರಿಸಿ ಕೂಡಿಸಿದಾಗ ಮೊತ್ತ 100ರ ಹತ್ತಿರ ನಿಂತರೆ ನಾರನ್ನು ಮೊದಲೇ ಬಿಟ್ಟಿದ್ದಾರೆ, 100ನ್ನು ಮೀರಿದರೆ ಬಿಟ್ಟಿಲ್ಲ. ಸಕ್ಕರೆ ಆಲ್ಕೋಹಾಲ್‌ಗಳೂ ಒಂದೇ ಬಗೆಯವಲ್ಲ. ಎರಿಥ್ರಿಟಾಲ್, ಅಂದರೆ ಪದಾರ್ಥಗಳ ಪಟ್ಟಿಯಲ್ಲಿ ಐಎನ್ಎಸ್ 968 ಎಂಬ ಸಂಕೇತ ಸಂಖ್ಯೆಯಿಂದ ಕಾಣುವುದು, ರಕ್ತದ ಸಕ್ಕರೆಯನ್ನು ಬಹುತೇಕ ಏರಿಸುವುದಿಲ್ಲ. ಮಾಲ್ಟಿಟಾಲ್, ಅಂದರೆ ಐಎನ್ಎಸ್ 965, ಸಕ್ಕರೆಗಿಂತ ಕಡಿಮೆಯಾದರೂ ಏರಿಸುತ್ತದೆ. ಹೆಚ್ಚು ತಿಂದರೆ ಭೇದಿಯೂ ಆಗಬಹುದು. ಆದ್ದರಿಂದ ಮಾಲ್ಟಿಟಾಲ್ ಇರುವ ಚಾಕೊಲೇಟಿನಲ್ಲಿ ಅದನ್ನು ಪೂರ್ತಿ ಕಳೆಯದೆ ಅರ್ಧವನ್ನಾದರೂ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ಸುಳ್ಳನ್ನೇ ಹೊಂದಿಸಿ ಬರೆದಿದ್ದರೆ ಈ ಲೆಕ್ಕಗಳಿಗೆ ಅದು ಸಿಗುವುದಿಲ್ಲ. ಮನೆಯಲ್ಲಿ ಗ್ಲುಕೋಮೀಟರ್ ಇದ್ದವರು ಒಂದು ದಿನ ಆ ಹಿಟ್ಟಿನ ರೊಟ್ಟಿಯನ್ನೂ, ಇನ್ನೊಂದು ದಿನ ಅದೇ ಹೊತ್ತಿಗೆ, ಅದೇ ಪಲ್ಯದೊಡನೆ, ಅಷ್ಟೇ ತೂಕದ ಹಿಟ್ಟಿನ ಜೋಳದ ರೊಟ್ಟಿಯನ್ನೂ ತಿಂದು, ಊಟಕ್ಕೆ ಮೊದಲು ಮತ್ತು ಮೊದಲ ತುತ್ತಿನಿಂದ ಎರಡು ಗಂಟೆಯ ನಂತರ ಅಳತೆ ಮಾಡಿ ಹೋಲಿಸಬಹುದು. ಮೀಟರಿನಲ್ಲಿಯೇ ಶೇಕಡಾ 15ರವರೆಗೆ ವ್ಯತ್ಯಾಸ ಬರಬಹುದಾದ್ದರಿಂದ ಹತ್ತು ಅಂಕಿಯ ಅಂತರವನ್ನು ದೊಡ್ಡದು ಮಾಡಬೇಡಿ. ಇನ್ನೆರಡು ದಿನ ಹೀಗೆಯೇ ನೋಡಿ. ಕೊಬ್ಬು ಹೆಚ್ಚಿದ್ದರೆ ಏರಿಕೆ ತಡವಾಗಿ ಬರುವುದರಿಂದ ಮೂರನೆಯ ಗಂಟೆಗೂ ಒಮ್ಮೆ ನೋಡುವುದು ಒಳ್ಳೆಯದು. ಇನ್ಸುಲಿನ್, ಗ್ಲಿಮೆಪಿರೈಡ್ ಅಥವಾ ಡಾಪಾಗ್ಲಿಫ್ಲೋಜಿನ್‌ನಂಥ ಔಷಧ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು, ವೈದ್ಯರಿಗೆ ತಿಳಿಸದೆ ಕಾರ್ಬೋಹೈಡ್ರೇಟನ್ನು ಒಮ್ಮೆಲೇ ಇಳಿಸಬಾರದು. ಇದು ಅಪಾಯದ ವಿಷಯ.

ಲೆಕ್ಕ ತಾಳೆಯಾಗದ ಪೊಟ್ಟಣವನ್ನು ಎಸೆದು ಸುಮ್ಮನಾಗಬೇಡಿ. ಹೊದಿಕೆ, ಬ್ಯಾಚ್ ಸಂಖ್ಯೆ, ಬಿಲ್ಲು ಇವುಗಳ ಫೋಟೋ ತೆಗೆದಿಟ್ಟು, ಎಫ್ಎಸ್ಎಸ್ಎಐನ ಫುಡ್ ಸೇಫ್ಟಿ ಕನೆಕ್ಟ್ ಎಂಬ ದೂರು ವ್ಯವಸ್ಥೆಯ ಮೂಲಕ, ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ, ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನಂತೆ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಕೊಂಡವರಿಗಿದೆ. ಆದರೆ ಹಾಗೆ ಮಾಡಿಸುವ ಉದ್ದೇಶವನ್ನು ಕೊಳ್ಳುವ ಹೊತ್ತಿನಲ್ಲಿಯೇ ಅಂಗಡಿಯವರಿಗೆ ತಿಳಿಸಬೇಕಾಗುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ 53ನೇ ಕಲಮಿನಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ದೂರಿನಲ್ಲಿ ಕೋಪದ ಮಾತುಗಳಿಗಿಂತ ‘ಜೋಳ 40% ಎಂದಿದೆ, ಆದರೆ ಕಾರ್ಬೋಹೈಡ್ರೇಟ್ 15 ಗ್ರಾಂ ಎಂದಿದೆ’ ಎಂಬ ಒಂದು ಸಾಲಿನ ಲೆಕ್ಕವನ್ನು ಬರೆಯಿರಿ.