ಲಂಡನ್‌ನಿಂದ ನ್ಯೂಯಾರ್ಕ್‌ಗೆ: ದೂರವನ್ನೂ ಹೊತ್ತನ್ನೂ ನಾನೇ ಲೆಕ್ಕ ಹಾಕಿದ್ದು

ಭೂಪಟದ ಮೇಲೆ ಸ್ಕೇಲ್ ಇಟ್ಟು ಲಂಡನ್‌ನಿಂದ ನ್ಯೂಯಾರ್ಕ್‌ಗೆ ಗೆರೆ ಎಳೆದದ್ದು ನನ್ನ ಮೊದಲ ಪ್ರಯತ್ನ. ಅದೇ ಹತ್ತಿರದ ದಾರಿ ಅಂತ ನಂಬಿದ್ದೆ. ಗ್ಲೋಬ್ ಮೇಲೆ ದಾರ ಬಿಗಿಯಾಗಿ ಹಿಡಿದಾಗ ಅದು ಉತ್ತರಕ್ಕೆ ಬಾಗಿ, ಕೆನಡಾದ ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೇಲೆ ಹಾದುಹೋಯಿತು. ಮಹಾವೃತ್ತದ ದಾರಿ ಅಂದರೆ ಇದೇ. ವಿಮಾನಗಳು ಸಾಮಾನ್ಯವಾಗಿ ಅನುಸರಿಸುವುದೂ ಇದನ್ನೇ.

ಆಮೇಲೆ ಎಕ್ಸೆಲ್‌ನಲ್ಲಿ ಲೆಕ್ಕಕ್ಕೆ ಕೂತೆ. ಎರಡು ನಿಲ್ದಾಣಗಳ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಬೇಕು. ಅವುಗಳ ಕೊಸೈನ್‌ಗಳನ್ನೂ ರೇಖಾಂಶದ ವ್ಯತ್ಯಾಸದ ಕೊಸೈನನ್ನೂ ಗುಣಿಸಿ ಅದಕ್ಕೆ ಕೂಡಿಸಬೇಕು. ಬಂದ ಮೊತ್ತದ ಆರ್ಕ್‌ಕೊಸೈನನ್ನು ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ.ನಿಂದ ಗುಣಿಸಿದರೆ ದೂರ ಸಿಗುತ್ತದೆ. ಮೊದಲ ಸಲ ಅರ್ಥವಿಲ್ಲದ ಉತ್ತರ ಬಂತು. ಎಕ್ಸೆಲ್‌ಗೆ ಬೇಕಾದದ್ದು ರೇಡಿಯನ್ (ಕೋನದ ಇನ್ನೊಂದು ಅಳತೆ), ನಾನು ಕೊಟ್ಟದ್ದು ಡಿಗ್ರಿ. ಇನ್ನೊಂದು ಎಚ್ಚರ: ಪಶ್ಚಿಮ ರೇಖಾಂಶಕ್ಕೆ ಋಣ ಚಿಹ್ನೆ ಹಾಕಲೇಬೇಕು.

ಅಕ್ಷಾಂಶ, ರೇಖಾಂಶಗಳು ಲಂಡನ್‌ನ ಹೀಥ್ರೂ ನಿಲ್ದಾಣಕ್ಕೆ 51.47, -0.45; ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣಕ್ಕೆ 40.64, -73.78. ತಿದ್ದಿದ ಮೇಲೆ ಬಂದದ್ದು ಸುಮಾರು 5,540 ಕಿ.ಮೀ. ಭೂಪಟದ ನೇರ ಗೆರೆಯ ಗುಂಟ ಹಾರಿದ್ದರೆ ಸುಮಾರು 5,760 ಆಗುತ್ತಿತ್ತು. ಭೂಮಿ ಪೂರ್ತಿ ಗುಂಡಗಿಲ್ಲದ್ದರಿಂದ ನಿಖರ ಅಂಕಿ ಹದಿನೈದು ಕಿ.ಮೀ.ಯಷ್ಟು ಹೆಚ್ಚು, ನನ್ನ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ.

ನಿಜವಾದ ಪಾಠ ಸಿಕ್ಕಿದ್ದು ಹೊತ್ತಿನ ಲೆಕ್ಕದಲ್ಲಿ. ಗಂಟೆಗೆ 900 ಕಿ.ಮೀ. ವೇಗ ಹಿಡಿದು, ಏರುವುದಕ್ಕೆ ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸಿದಾಗ ಆರೂ ಮುಕ್ಕಾಲು ಗಂಟೆಯೊಳಗೆ ಮುಗಿಯಿತು. ಟಿಕೆಟ್ ನೋಡಿದರೆ ಹೋಗುವಾಗ ಸುಮಾರು ಎಂಟು ಗಂಟೆ, ಬರುವಾಗ ಸುಮಾರು ಏಳು. ನಾನು ಗಾಳಿಯನ್ನೇ ಮರೆತಿದ್ದೆ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಬೀಸುತ್ತದೆ. ಗಂಟೆಗೆ 100 ಕಿ.ಮೀ. ಎದುರುಗಾಳಿ ಅಂತ ಹಿಡಿದರೆ ಹೋಗುವ ವೇಗ 800, ಬರುವ ವೇಗ 1,000. ಹೋಗುವಾಗ ಏಳೂವರೆ ಗಂಟೆಗೆ ಹತ್ತಿರ, ಬರುವಾಗ ಆರು. ಗಾಳಿ ಇಲ್ಲದ ಲೆಕ್ಕಕ್ಕೆ ಹೋಲಿಸಿದರೆ, ಹೋಗುವಾಗ ಕಳೆದುಕೊಂಡಷ್ಟು ಹೊತ್ತು ಬರುವಾಗ ವಾಪಸ್ ಸಿಗುವುದಿಲ್ಲ. ಈ ಸಂಗತಿ ನನಗೆ ಇವತ್ತಿಗೂ ಬೆರಗು. 2020ರ ಫೆಬ್ರವರಿಯಲ್ಲಿ, ಸಿಯಾರಾ ಬಿರುಗಾಳಿಯ ಹೊತ್ತಿಗೆ, ಬ್ರಿಟಿಷ್ ಏರ್‌ವೇಸ್‌ನ ಒಂದು 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತ್ತು.

ಇಷ್ಟಾದರೂ ಟಿಕೆಟ್‌ನ ಹೊತ್ತು ನನ್ನದಕ್ಕಿಂತ ಹೆಚ್ಚೇ ಇತ್ತು. ಟಿಕೆಟ್‌ನ ಗಡಿಯಾರ ಓಡುವುದು ಗೇಟ್ ಬಿಟ್ಟಾಗಿನಿಂದ ಗೇಟ್ ಸೇರುವವರೆಗೆ. ರನ್‌ವೇ ತನಕದ ಸರದಿ, ಇಳಿಯುವ ಮುಂಚಿನ ಸುತ್ತು ಎಲ್ಲ ಅದರೊಳಗೇ.

ಮಾರ್ಚ್‌ನಲ್ಲಿ ಮತ್ತೊಮ್ಮೆ ಎಡವಿದೆ. ಲಂಡನ್‌ನಿಂದ ಬೆಳಿಗ್ಗೆ 11ಕ್ಕೆ ಹೊರಟು, ನ್ಯೂಯಾರ್ಕ್‌ನ ಮಧ್ಯಾಹ್ನ 3ಕ್ಕೆ ತಲುಪುವ ವಿಮಾನ. ಎಂದಿನಂತೆ ಐದು ಗಂಟೆಯ ವ್ಯತ್ಯಾಸ ಸೇರಿಸಿ ಒಂಬತ್ತು ಗಂಟೆ ಅಂತ ಬರೆದುಕೊಂಡೆ. ಆದರೆ ಬೇಸಿಗೆಗಾಗಿ ಅಮೆರಿಕ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ವ್ಯತ್ಯಾಸ ನಾಲ್ಕೇ ಗಂಟೆ, ಹಾಗಾಗಿ ಪ್ರಯಾಣ ಎಂಟೇ ಗಂಟೆ. ಆಮೇಲಿಂದ ಎರಡೂ ಊರಿನ ಸಮಯವನ್ನು ಮೊದಲು ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಬದಲಾಯಿಸಿ, ನಂತರ ಕಳೆಯುತ್ತೇನೆ.