ವಂದನಾರ್ಪಣೆಯ ಕೊನೆಯ ಸಾಲಿನಲ್ಲಿ ಇದ್ದವರು

ನಮ್ಮ ಕ್ರೈಸ್ತ ಸಭೆಯಲ್ಲಿ ವಂದನಾರ್ಪಣೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ, ಹಳೆಯ ಪಟ್ಟಿಯೊಂದನ್ನು ಕೈಗೆ ಕೊಟ್ಟರು. ಪಾಸ್ಟರ್, ಅತಿಥಿ ಬೋಧಕರು, ಗಾಯನ ತಂಡ, ದಾನಿಗಳು. ಕೊನೆಯಲ್ಲಿ 'ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ' ಅಂತ ಒಂದು ಸಾಲು. ಆ 'ಎಲ್ಲರೂ' ಯಾರು ಅಂತ ತಿಳಿದುಕೊಳ್ಳೋಣ ಅನ್ನಿಸಿತು.

ಆರಾಧನೆಗೆ ಬಹಳ ಮುಂಚೆ ಹೋಗಿ, ಮುಗಿದ ಮೇಲೂ ಉಳಿದುಕೊಂಡು ನೋಡತೊಡಗಿದೆ. ಬೀಗ ತೆಗೆಯುವವರು, ಕುರ್ಚಿ ಜೋಡಿಸುವವರು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಬಟ್ಟಲು ತೊಳೆದಿಡುವವರು, ಶೌಚಾಲಯ ತೊಳೆಯುವವರು. ಹಾಸಿಗೆ ಹಿಡಿದವರ ಮನೆಗೆ ಹೋಗಿ ಬರುವವರು ಮಾತ್ರ ಹೀಗೆ ಸಿಗಲಿಲ್ಲ. ಅವರ ಬಗ್ಗೆ ಆ ರೋಗಿಗಳನ್ನೇ ಕೇಳಬೇಕಾಯಿತು.

ಇವರಿಗೆ ವಂದನೆ ಹೇಗೆ ಹೇಳಬೇಕು ಅನ್ನುವುದನ್ನು ಕಲಿತದ್ದು ಬೈಬಲಿನಲ್ಲಿ ಯೇಸುವಿನ ಅಪೊಸ್ತಲನಾದ ಪೌಲನು ರೋಮಾಪುರದ ವಿಶ್ವಾಸಿಗಳಿಗೆ ಬರೆಸಿದ ಪತ್ರದ 16ನೇ ಅಧ್ಯಾಯದಿಂದ. ಬರೀ ಹೆಸರುಗಳು ಅಂತ ನಾವು ದಾಟಿಸಿಬಿಡುತ್ತೇವೆ, ಅಲ್ವಾ? ಆದರೆ ಪೌಲನು ಸುಮ್ನೆ ಹೆಸರು ಹೇಳಿ ಮುಗಿಸುವುದಿಲ್ಲ. ಮರಿಯಳು ನಿಮಗಾಗಿ ಬಹಳ ದುಡಿದಳು, ರೂಫನ ತಾಯಿ ನನಗೂ ತಾಯಿಯಾದಳು ಅನ್ನುತ್ತಾನೆ. ಪೌಲನು ಹೇಳಿದ್ದನ್ನು ಕೈಯಾರೆ ಬರೆದುಕೊಟ್ಟ ತೆರ್ತ್ಯನಿಗೂ ತನ್ನ ವಂದನೆ ಹೇಳಲು ಒಂದು ವಚನ ಸಿಕ್ಕಿದೆ.

ಶೌಚಾಲಯ ತೊಳೆಯುವ ಅಕ್ಕನಿಗೆ ಹಿಂದೊಮ್ಮೆ ಯಾರೋ "ಒಳ್ಳೇ ಸೇವೆ" ಅಂದಾಗ ಅವರು ನಕ್ಕು ಮುಂದೆ ಹೋಗಿದ್ದರು. ನಾನು, "ಅಕ್ಕಾ, ವಯಸ್ಸಾದವರು ಜಾರಬಾರದು ಅಂತ ನೆಲ ಒರೆಸಿ ಒಣಗಿಸಿಯೇ ಹೋಗ್ತೀರಲ್ಲ" ಅಂದೆ. "ನೋಡಿದ್ರಾ?" ಅಂದರು. ಆಮೇಲೆ ನಿಂತು ಬಹಳ ಹೊತ್ತು ಮಾತಾಡಿದರು.

ವೇದಿಕೆ ಎಲ್ಲರಿಗೂ ಇಷ್ಟವಾಗುವುದಿಲ್ಲ. ಎಡಗೈಗೆ ತಿಳಿಯದಂತೆ ಕೊಡಿ ಅಂದ ಯೇಸುವಿನ ಮಾತನ್ನು ಗಟ್ಟಿಯಾಗಿ ಹಿಡಿದವರೂ ಇದ್ದಾರೆ. ಅದಕ್ಕೇ ಮೊದಲು ಕೇಳುತ್ತೇನೆ. ಬೇಡ ಅಂದರೆ ಅವರ ಮಕ್ಕಳ ಮುಂದೆ ನಾಲ್ಕು ಮಾತು ಹೇಳಿ ಬರುತ್ತೇನೆ. ಇದೇ ಜಾಸ್ತಿ ನಾಟುತ್ತದೆ.

ಅದೇ ಅಧ್ಯಾಯದ ಶುರುವಿನಲ್ಲಿ ಕೆಂಖ್ರೆ ಊರಿನ ಸಭೆಯ ಸೇವಕಿ ಫೊಯಿಬೆಯ ಮಾತು ಬರುತ್ತದೆ. ಪೌಲನು ಅವಳನ್ನು ಹೊಗಳಿ ಬಿಡುವುದಿಲ್ಲ, ಅವಳಿಗೆ ಬೇಕಾದ ಸಹಾಯ ಮಾಡಿ ಅನ್ನುತ್ತಾನೆ. ಹಾಗಾಗಿ ನಾನೂ "ನಿಮಗೆ ಏನು ಬೇಕು?" ಅಂತ ಕೇಳತೊಡಗಿದೆ. ಕೈಗವಸು, ಉದ್ದ ಹಿಡಿಯ ಬ್ರಷ್. ಇವು ಸುಲಭ. ಕಷ್ಟವಾದದ್ದು ಇನ್ನೊಂದು: "ಒಂದು ಭಾನುವಾರವಾದರೂ ಕೂತು ಪ್ರಸಂಗ ಕೇಳಬೇಕು."

ಅಂದರೆ ಅವರ ಕೆಲಸ ಬೇರೆಯವರು ಮಾಡಬೇಕು. ಕಮಿಟಿಯಲ್ಲಿ ಗೊಣಗಾಟ ಎದ್ದಿತು. ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿದವರ ಪಟ್ಟಿ ಇರುವ, ಬೈಬಲಿನ ನೆಹೆಮೀಯ ಪುಸ್ತಕದ 3ನೇ ಅಧ್ಯಾಯ ಓದಿದೆ. ಆ ಊರಿನ ತಿಪ್ಪೆ ಬಾಗಿಲನ್ನು ಸರಿಮಾಡಿದ ಮಲ್ಕೀಯ ಒಂದು ಪ್ರಾಂತದ ಅಧಿಕಾರಿ. ಈ ಕೆಲಸಕ್ಕೆ ಹೆಗಲು ಕೊಡದ ತೆಕೋವ ಊರಿನ ದೊಡ್ಡ ಮನುಷ್ಯರ ಹೆಸರುಗಳೇ ಅಲ್ಲಿಲ್ಲ! ಗೊಣಗಾಟ ಪೂರ್ತಿ ನಿಲ್ಲಲಿಲ್ಲ, ಆದರೆ ಸರದಿ ಪಟ್ಟಿ ತಯಾರಾಯಿತು. ಅದರಲ್ಲಿ ಪಾಸ್ಟರ್ ಹೆಸರೂ ಇದೆ.

ಸಂಬಳಕ್ಕೆ ದುಡಿಯುವವರ ವಿಷಯ ಬೇರೆ. ಕೂಲಿಯನ್ನು ಅದೇ ದಿನ ಹೊತ್ತು ಮುಳುಗುವ ಮುಂಚೆ ಕೊಡಬೇಕು ಅನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯ. ಅವರ ಸಂಬಳ ತಡವಾಗದಂತೆ ನೋಡುವುದನ್ನು ಈಗ ಖಜಾಂಚಿಗೆ ವಹಿಸಿದ್ದೇವೆ.