ಕ್ವಾರ್ಟರ್‌ಬ್ಯಾಕ್ ಬದಲಿಸಿ ಎನ್ನುವ ಮುನ್ನ ರಿಸೀವರ್‌ಗಳನ್ನು ನೋಡಿ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ತಂಡ ಎರಡು ಪಂದ್ಯ ಸೋತರೆ ಸಾಕು, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಬದಲಿಸಿ ಎಂಬ ಕೂಗು ಏಳುತ್ತದೆ. ಮಕ್ಕಳು ಅಲ್ಲಿ ಓದುತ್ತಿರುವ ಕನ್ನಡದ ಮನೆಗಳಲ್ಲೂ ಶನಿವಾರ ಸಂಜೆ ಇದೇ ವಾದ. ಆ ವಾದ ಮಾಡಲೇಬೇಕು, ಆದರೆ ಕೈಯಲ್ಲಿ ಲೆಕ್ಕ ಹಿಡಿದು ಮಾಡಬೇಕು. ಸ್ಲಿಪ್‌ನಲ್ಲಿ ಬಿಟ್ಟ ಕ್ಯಾಚು ಬೌಲರ್‌ನ ಅಂಕಿಯಲ್ಲಿ ಹೇಗೆ ಕಾಣುವುದಿಲ್ಲವೋ, ಎಸೆದ ಚೆಂಡು ಹಿಡಿಯುವ ರಿಸೀವರ್ ಮಾಡಿದ ತಪ್ಪು ಕ್ವಾರ್ಟರ್‌ಬ್ಯಾಕ್‌ನ ಅಂಕಿಯಲ್ಲಿ ಹಾಗೆಯೇ ಅಡಗಿ ಕೂರುತ್ತದೆ. ಇಲ್ಲಿ ಅದು ಇನ್ನೂ ದುಬಾರಿ, ಏಕೆಂದರೆ ತಪ್ಪು ಅವನ ಹೆಸರಿಗೇ ಬರೆಯಲ್ಪಡುತ್ತದೆ.

ಎಷ್ಟು ದುಬಾರಿ ಎಂಬುದನ್ನು ಲೆಕ್ಕ ಹಾಕಿಯೇ ನೋಡಿ. ಕಾಲೇಜು ಆಟದ ಪಾಸಿಂಗ್ ರೇಟಿಂಗ್ ತೆಗೆಯುವುದು ಹೀಗೆ: ಗಳಿಸಿದ ಗಜಗಳನ್ನು 8.4ರಿಂದ, ಟಚ್‌ಡೌನ್‌ಗಳನ್ನು (ಎದುರಾಳಿಯ ಕೊನೆಗೆರೆ ದಾಟಿಸಿದ ಪಾಸ್) 330ರಿಂದ, ಪೂರ್ಣಗೊಂಡ ಪಾಸ್‌ಗಳನ್ನು 100ರಿಂದ ಗುಣಿಸಿ ಕೂಡಿಸಿ. ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್) ಒಂದಕ್ಕೆ 200ರಂತೆ ಕಳೆಯಿರಿ. ಬಂದದ್ದನ್ನು ಎಸೆದ ಒಟ್ಟು ಪಾಸ್‌ಗಳಿಂದ ಭಾಗಿಸಿ. 30 ಎಸೆತ, 20 ಪೂರ್ಣ, 240 ಗಜ, 2 ಟಚ್‌ಡೌನ್, 1 ಇಂಟರ್‌ಸೆಪ್ಷನ್ ಎಂದರೆ 149.2. ಆ ಒಂದು ಇಂಟರ್‌ಸೆಪ್ಷನ್ ರಿಸೀವರ್‌ನ ಕೈಗೆ ಬಡಿದು ಎದುರಾಳಿಗೆ ಸಿಕ್ಕಿದ್ದೆನ್ನಿ. ರಿಸೀವರ್ ಅದನ್ನು ಹಿಡಿದು 12 ಗಜ ಬಂದಿದ್ದರೆ ರೇಟಿಂಗ್ 162.6 ಆಗುತ್ತಿತ್ತು. ಒಂದೇ ಚೆಂಡಿಗೆ 13 ಅಂಕದ ವ್ಯತ್ಯಾಸ! ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳ ನಡುವೆ ಜನ ಜಗಳವಾಡುವುದು ಅನೇಕ ಸಲ ಇದಕ್ಕಿಂತ ಕಡಿಮೆ ಅಂತರಕ್ಕೆ.

ಓಟದ ಅಂಕಿಯಲ್ಲೂ ಇಂಥದೊಂದು ಬಲೆ ಇದೆ. ಕಾಲೇಜಿನಲ್ಲಿ ಸ್ಯಾಕ್‌ನಿಂದ (ಎಸೆಯುವ ಮೊದಲೇ ಎದುರಾಳಿ ಕೆಡವಿದಾಗ) ಕಳೆದುಕೊಂಡ ಗಜಗಳನ್ನು ಕ್ವಾರ್ಟರ್‌ಬ್ಯಾಕ್‌ನ ಓಟದಿಂದ ಕಳೆಯುತ್ತಾರೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ತಂಡದ ಪಾಸಿಂಗ್ ಲೆಕ್ಕದಿಂದ. 10 ಸಲ ಓಡಿ 60 ಗಜ ಗಳಿಸಿದವನು 4 ಸ್ಯಾಕ್‌ಗಳಲ್ಲಿ 30 ಗಜ ಕಳೆದುಕೊಂಡರೆ ಪಟ್ಟಿಯಲ್ಲಿ ‘14 ಓಟ, 30 ಗಜ’ ಎಂದಿರುತ್ತದೆ. ಅವನಿಗೆ ಓಡಲು ಬರುವುದಿಲ್ಲ ಎಂದು ತೀರ್ಮಾನಿಸಿದರೆ ಮೋಸಹೋದಿರಿ.

ನೋಟ್‌ಬುಕ್ ಹಿಡಿದು ಪಂದ್ಯ ನೋಡುವುದು

ಪಂದ್ಯವನ್ನು ರೆಕಾರ್ಡ್ ಮಾಡಿಕೊಂಡು ಎರಡನೇ ಸಲ ನೋಡುವಾಗ ಬರೆಯಿರಿ. ಮೊದಲ ಸಲ ಕಣ್ಣು ಚೆಂಡಿನ ಹಿಂದೆಯೇ ಹೋಗುತ್ತದೆ. ಪ್ರತಿ ಪಾಸ್‌ಗೂ ಒಂದು ಸಾಲು: ಎಷ್ಟನೇ ಡೌನ್ (10 ಗಜ ಗಳಿಸಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಎಷ್ಟನೆಯದು), ಎಷ್ಟು ಗಜ ಬೇಕಿತ್ತು, ಚೆಂಡು ಗಾಳಿಯಲ್ಲಿ ಎಷ್ಟು ಗಜ ಹೋಯಿತು, ಒತ್ತಡವಿತ್ತೇ, ಕೊನೆಗೆ ಹೊಣೆ ಯಾರದು. ಸ್ನ್ಯಾಪ್‌ಗೆ (ಚೆಂಡು ಆಟಕ್ಕೆ ಬರುವ ಕ್ಷಣಕ್ಕೆ) ಮೊದಲು ವಿಡಿಯೊ ನಿಲ್ಲಿಸಿ ಎದುರಾಳಿ ತಂಡದಲ್ಲಿ ಎಲ್ಲರ ಹಿಂದೆ ನಿಂತು ಕಾಯುವ ಸೇಫ್ಟಿಗಳು ಒಬ್ಬರೋ ಇಬ್ಬರೋ ಎಣಿಸಿ, ಅದನ್ನೂ ಬರೆಯಿರಿ. ಟಿ.ವಿ. ಕ್ಯಾಮೆರಾ ಸ್ನ್ಯಾಪ್ ಆದ ಮೇಲೆ ಅವರನ್ನು ಬಿಟ್ಟುಬಿಡುತ್ತದೆ. ರಿಸೀವರ್ ತನ್ನ ರೂಟ್ (ಮೊದಲೇ ಗೊತ್ತುಮಾಡಿದ ಓಟದ ದಾರಿ) ಹೇಗೆ ಓಡಿದ ಎಂಬುದು ಕಾಣುವುದು ಹೆಚ್ಚಾಗಿ ರೀಪ್ಲೇಯಲ್ಲಿ. ರೀಪ್ಲೇಯಲ್ಲೂ ಕಾಣದಿದ್ದರೆ ಹೊಣೆಯ ಕಾಲಂ ಖಾಲಿ ಬಿಡಿ. ಊಹಿಸಿ ತುಂಬಿದ ಸಾಲು ಇಡೀ ಪಟ್ಟಿಯನ್ನೇ ಕೆಡಿಸುತ್ತದೆ.

ಇನ್ನು ಎಣಿಕೆ. ಮೊದಲು ಸ್ಕ್ರೀನ್ ಪಾಸ್‌ಗಳನ್ನೂ (ಮುಂದೆ ತಡೆಗಾರರನ್ನು ನಿಲ್ಲಿಸಿ ಕೊಡುವ ಗಿಡ್ಡ ಎಸೆತ) ಸ್ಕ್ರಿಮೇಜ್ ಗೆರೆಯ (ಆಟ ಶುರುವಾಗುವ ಗೆರೆ) ಹಿಂದೆಯೇ ಹಿಡಿದ ಚೆಂಡುಗಳನ್ನೂ ಬೇರೆ ಇಡಿ. 30ಕ್ಕೆ 21 ಪೂರ್ಣವೆಂದರೆ ಶೇ. 70, ಕೇಳಲು ಚೆನ್ನಾಗಿದೆ. ಅದರಲ್ಲಿ 8 ಗೆರೆಯ ಹಿಂದಿನವಾದರೆ ಉಳಿದದ್ದು 22ಕ್ಕೆ 13, ಅಂದರೆ ಶೇ. 59. ಹಾಗೆ ಉಳಿದದ್ದರಲ್ಲಿ ಮೂರನೇ ಡೌನ್‌ನಲ್ಲಿ 7 ಗಜಕ್ಕಿಂತ ಹೆಚ್ಚು ಬೇಕಿದ್ದ ಎಸೆತಗಳೇ ನಿಜವಾದ ಪರೀಕ್ಷೆ: ಪಾಸ್ ಬರುತ್ತದೆಂದು ಎಲ್ಲರಿಗೂ ಗೊತ್ತು, ಓಟದ ಸೋಗು ನಡೆಯುವುದಿಲ್ಲ.

ಮೈದಾನದ ಅಗಲದ ಕಡೆಗೆ ಎಷ್ಟು ಎಸೆದ ಎಂಬುದನ್ನೂ ಗುರುತಿಸಿ. ಚೆಂಡನ್ನು ಇಡುವುದು ಎರಡು ಹ್ಯಾಷ್ ಗುರುತುಗಳ ಮೇಲೆ ಇಲ್ಲವೇ ಅವುಗಳ ನಡುವೆ; ಕಾಲೇಜು ಮೈದಾನದಲ್ಲಿ ಆ ಅಂತರ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ. ಹಾಗಾಗಿ ಚೆಂಡು ಎಡ ಹ್ಯಾಷ್‌ನಲ್ಲಿದ್ದರೆ ಎಡ ಸೈಡ್‌ಲೈನ್ 60 ಅಡಿ ದೂರ, ಬಲದ್ದು 100 ಅಡಿ. ಆ ಕಡೆಗೆ 12 ಗಜದ ಔಟ್ ರೂಟ್‌ಗೆ (ಮುಂದೆ ಓಡಿ ಸೈಡ್‌ಲೈನ್‌ನತ್ತ ತಿರುಗುವ ಓಟ) ಎಸೆಯಲು ತೋಳು ಮಾತ್ರ ಸಾಲದು. ರಿಸೀವರ್ ತಿರುಗುವ ಮೊದಲೇ ಚೆಂಡು ಕೈ ಬಿಟ್ಟಿರಬೇಕು. ಅರ್ಧ ಸೆಕೆಂಡ್ ತಡವಾದರೆ ರಿಸೀವರ್‌ನನ್ನು ಕಾಯುವ ಎದುರಾಳಿ ಕಾರ್ನರ್‌ಬ್ಯಾಕ್ ಅದನ್ನು ಹಿಡಿದು ನೇರ ಟಚ್‌ಡೌನ್‌ಗೆ ಓಡುತ್ತಾನೆ. ನಿಮ್ಮ ಪಟ್ಟಿಯಲ್ಲಿ ಮೂರು ಪಂದ್ಯ ಕಳೆದರೂ ಇಂಥ ಎಸೆತ ಒಂದೂ ಇಲ್ಲದಿದ್ದರೆ, ಕೋಚ್ ಏನನ್ನೋ ಮರೆಮಾಡುತ್ತಿದ್ದಾರೆ ಎಂದೇ ತಿಳಿಯಿರಿ.

ತಪ್ಪು ಯಾರದು?

ಚೆಂಡು ಬಂದು ಬೀಳುವ ಜಾಗವನ್ನು ಕ್ವಾರ್ಟರ್‌ಬ್ಯಾಕ್ ಮೊದಲೇ ನಂಬಿ ಎಸೆದಿರುತ್ತಾನೆ. ಆ ನಂಬಿಕೆ ಮುರಿಯುವ ಜಾಗಗಳು ಕೆಲವೇ, ಕಣ್ಣಿಗೆ ಸಿಗುವಂಥವೂ ಹೌದು.

ಮೊದಲ ಎರಡು ಗಜ ನೋಡಿ. ಕಾರ್ನರ್‌ಬ್ಯಾಕ್ ಎದುರಿಗೇ ನಿಂತು ಎದೆಗೆ ಕೈ ಹಾಕಿದಾಗ ಹೊಸ ರಿಸೀವರ್ ಸೈಡ್‌ಲೈನ್‌ನತ್ತ ಸರಿದುಬಿಡುತ್ತಾನೆ. ನೇರ ಓಡುವ ರೂಟ್‌ನಲ್ಲಿ ಅವನಿಗೂ ಗೆರೆಗೂ ನಡುವೆ ಸುಮಾರು 5 ಗಜ ಉಳಿದಿರಬೇಕು. ಚೆಂಡನ್ನು ಹೊರ ಹೆಗಲ ಮೇಲಿಂದ ಇಳಿಸಲು ಇರುವ ಜಾಗ ಅದೇ. ಒಂದು ಗಜವಷ್ಟೇ ಉಳಿದರೆ ಎಂಥ ಒಳ್ಳೆಯ ಎಸೆತವೂ ಗೆರೆಯಾಚೆ ಬೀಳುತ್ತದೆ, ನೋಡುವವರು ‘ಗುರಿ ತಪ್ಪಿದ’ ಎನ್ನುತ್ತಾರೆ. ಕಾಲೇಜಿನಲ್ಲಿ ಒಂದು ಕಾಲು ಒಳಗಿದ್ದರೆ ಸಾಕೆಂಬ ರಿಯಾಯಿತಿಯೂ ಆಗ ಉಪಯೋಗಕ್ಕೆ ಬರುವುದಿಲ್ಲ.

ಆಮೇಲೆ ಆಳ. 12 ಗಜಕ್ಕೆ ಒಳಗೆ ತಿರುಗಬೇಕಾದವನು 10ಕ್ಕೇ ದುಂಡಗೆ ತಿರುಗಿದರೆ ನಡುವೆ ಕಾಯುವ ಎದುರಾಳಿ ಲೈನ್‌ಬ್ಯಾಕರ್ ಇರುವ ಜಾಗಕ್ಕೇ ಬಂದು ನಿಲ್ಲುತ್ತಾನೆ. ತಿರುಗುವ ಮುನ್ನ ಎದೆ ಎತ್ತಿ ಐದಾರು ಹೆಜ್ಜೆ ನಿಧಾನಿಸುವವನು ಕಾರ್ನರ್‌ಬ್ಯಾಕ್‌ಗೆ ಮುನ್ಸೂಚನೆ ಕೊಟ್ಟಂತೆಯೇ. ಪಳಗಿದವನು ಎರಡು ಮೂರು ಹೆಜ್ಜೆಯಲ್ಲಿ ಸೊಂಟ ತಗ್ಗಿಸಿ ತಿರುಗುತ್ತಾನೆ. ಎತ್ತರದ ಹುಡುಗರಿಗೆ ಇದು ಕಲಿಯಲು ಹೆಚ್ಚು ಕಾಲ ಬೇಕು, ಬೈದು ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಇಬ್ಬರೂ ಒಂದನ್ನೇ ಓದುವುದು. ಎಷ್ಟೋ ರೂಟ್‌ಗಳಲ್ಲಿ ಎದುರಾಳಿ ಝೋನ್ (ಆಟಗಾರನನ್ನಲ್ಲ, ತನ್ನ ಪಾಲಿನ ಜಾಗವನ್ನು) ಕಾಯುತ್ತಿದ್ದರೆ ರಿಸೀವರ್ ಖಾಲಿ ಜಾಗದಲ್ಲಿ ನಿಲ್ಲಬೇಕು, ಒಬ್ಬನಿಗೊಬ್ಬ ಬೆನ್ನು ಹತ್ತಿದ್ದರೆ ಓಡುತ್ತಲೇ ಇರಬೇಕು. ಒಬ್ಬ ಝೋನ್ ಎಂದು ಓದಿ ಇನ್ನೊಬ್ಬ ಹಾಗೆ ಓದದಿದ್ದಾಗ ಚೆಂಡು ಯಾರೂ ಇಲ್ಲದ ಕಡೆ ಬೀಳುತ್ತದೆ. ಅಂಥ ಎಸೆತ ಕಂಡರೆ ಹೊಣೆಯ ಕಾಲಂನಲ್ಲಿ ‘ಇಬ್ಬರೂ’ ಎಂದು ಬರೆಯಿರಿ. ಅದೇ ಜೋಡಿಗೆ ನಾಲ್ಕೈದು ವಾರ ಅದೇ ಆದರೆ ಬೆಳವಣಿಗೆ ನಿಂತಿದೆ. ಅದು ರಿಸೀವರ್ ಕೋಚ್‌ಗೆ ಕೇಳಬೇಕಾದ ಪ್ರಶ್ನೆ.

ಕೈಯಿಂದ ಜಾರಿದ ಕ್ಯಾಚ್‌ಗಳನ್ನು ಎಲ್ಲರೂ ಎಣಿಸುತ್ತಾರೆ, ಇಲ್ಲಿ ನಾನು ಅದನ್ನು ಬೆಳೆಸುವುದಿಲ್ಲ. ಎದೆಗೆ ಅಪ್ಪಿ ಹಿಡಿಯುವವನನ್ನು ಮಾತ್ರ ಗುರುತಿಸಿಕೊಳ್ಳಿ. ವೇಗದ ಚೆಂಡು ಎದೆಗೆ ಬಡಿದು ಪುಟಿಯುತ್ತದೆ.

ಬೆಳವಣಿಗೆಗೆ ಎಷ್ಟು ಕಾಲ ಕೊಡಬೇಕು? ಅಲಬಾಮ ವಿಶ್ವವಿದ್ಯಾಲಯದ ರಿಸೀವರ್ ಡೆವೊಂಟಾ ಸ್ಮಿತ್ 2017ರಲ್ಲಿ ಹಿಡಿದದ್ದು 8 ಕ್ಯಾಚ್. ಮುಂದಿನ ವರ್ಷಗಳಲ್ಲಿ 42, 68. 2020ರಲ್ಲಿ 117 ಕ್ಯಾಚ್, 1,856 ಗಜ, 23 ಟಚ್‌ಡೌನ್, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ. ಎಲ್‌ಎಸ್‌ಯುನಲ್ಲಿ (ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ರಿಸೀವರ್ ಜಮಾರ್ ಚೇಸ್ 2018ರ 23 ಕ್ಯಾಚ್‌ನಿಂದ 2019ರಲ್ಲಿ 84ಕ್ಕೆ ಏರಿದ. ಅದೇ ಎರಡು ವರ್ಷ ಅವನಿಗೆ ಎಸೆದವನು ಜೋ ಬರೋ: 2018ರಲ್ಲಿ ಶೇ. 57.8 ಪೂರ್ಣ, 16 ಟಚ್‌ಡೌನ್, 2019ರಲ್ಲಿ ಶೇ. 76.3, 60 ಟಚ್‌ಡೌನ್. ಎಸೆಯುವವನು ಅವನೇ. ಪಾಸಿಂಗ್ ಯೋಜನೆಗೆ ಜೋ ಬ್ರೇಡಿ ಬಂದಿದ್ದರು, ಹಿಡಿಯುವವರು ಬೆಳೆದಿದ್ದರು. 2018ರ ಕೊನೆಗೆ ‘ಬರೋ ಸಾಲದು’ ಎಂದು ಬದಲಿಸಿದ್ದರೆ ಆ 15-0 ಋತು ಇರುತ್ತಿತ್ತೇ?

ಬದಲಿಸಲೇಬೇಕಾದಾಗ

ಪಟ್ಟಿ ಕ್ವಾರ್ಟರ್‌ಬ್ಯಾಕ್ ಕಡೆಗೇ ಬೆರಳು ತೋರಿಸುವುದೂ ಉಂಟು. ರಿಸೀವರ್ ತೆರೆದುಕೊಂಡಿದ್ದಾನೆ, ಒತ್ತಡವಿಲ್ಲ, ಆದರೂ ಚೆಂಡು ತಡ. ಅಥವಾ ಮೊದಲ ರಿಸೀವರ್ ಮುಚ್ಚಿದೊಡನೆ ಎರಡನೆಯವನನ್ನು ನೋಡದೆ ಓಡುತ್ತಾನೆ. ಇಂಥ ಸಾಲುಗಳೇ ಹೆಚ್ಚಾದರೆ ಬದಲಾವಣೆ ಕೇಳುವುದು ನ್ಯಾಯ. 2018ರ ಜನವರಿ 8ರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಅಲಬಾಮ 0-13 ಹಿಂದಿದ್ದಾಗ ಜೇಲನ್ ಹರ್ಟ್ಸ್ ಬದಲು ಟುವಾ ಟಾಗೊವೈಲೋವಾ ಬಂದ. ಓವರ್‌ಟೈಮ್‌ನಲ್ಲಿ ಎರಡನೇ ಡೌನ್, 26 ಗಜ ಬೇಕು. ಸೇಫ್ಟಿಯನ್ನು ಕಣ್ಣಲ್ಲೇ ಬೇರೆ ಕಡೆ ಕಟ್ಟಿಹಾಕಿ ಸ್ಮಿತ್‌ಗೆ 41 ಗಜದ ಟಚ್‌ಡೌನ್ ಎಸೆದ, 26-23ರ ಗೆಲುವು. ಟುವಾ, ಸ್ಮಿತ್ ಇಬ್ಬರೂ ಆ ಋತುವಿಗೇ ಸೇರಿದ ಹೊಸಬರು. ಬದಲಿ ಆಟಗಾರ ಬರುವಾಗ ಅವನು ಅಭ್ಯಾಸದಲ್ಲಿ ಯಾರಿಗೆ ಎಸೆದಿದ್ದಾನೆ ಎಂದು ವಿಚಾರಿಸಿ. ಋತುವಿನ ನಡುವೆ ಮೊದಲ ತಂಡದೊಡನೆ ಹೆಚ್ಚಿನ ಸ್ನ್ಯಾಪ್ ಸಿಗುವುದು ಆಗಲೇ ಆಡುತ್ತಿರುವವನಿಗೆ. ಹೊಸಬನ ಮೊದಲ ಪಂದ್ಯದ ತಪ್ಪುಗಳಲ್ಲಿ ಅಪರಿಚಿತ ರಿಸೀವರ್‌ಗಳ ಪಾಲು ದೊಡ್ಡದು, ಅವನನ್ನು ಎರಡು ಮೂರು ಪಂದ್ಯವಾದರೂ ಅಳೆಯಬೇಕು.

ಕ್ಯಾಲೆಂಡರನ್ನೂ ನೋಡಿ. ನಾಲ್ಕು ಪಂದ್ಯದವರೆಗೆ ಆಡಿದರೂ ಅರ್ಹತೆಯ ವರ್ಷ (ಕಾಲೇಜಿನಲ್ಲಿ ಆಡಲು ಸಿಗುವ ಕೆಲವೇ ವರ್ಷಗಳಲ್ಲಿ ಒಂದು) ಉಳಿಸಿಕೊಳ್ಳಬಹುದೆಂಬ ನಿಯಮ 2018ರಲ್ಲಿ ಬಂತು. ಈ ನಿಯಮಗಳು ಈಚೆಗೆ ಬೇಗ ಬೇಗ ಬದಲಾಗುತ್ತಿವೆ, ಆಯಾ ವರ್ಷದ್ದನ್ನೇ ಓದಿಕೊಳ್ಳಿ. 2018ರಲ್ಲೇ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ಪಂದ್ಯ ಆರಂಭಿಸಿದ್ದ ಕೆಲ್ಲಿ ಬ್ರಯಂಟ್ ಜಾಗಕ್ಕೆ ಟ್ರೆವರ್ ಲಾರೆನ್ಸ್‌ನನ್ನು ಆರಿಸಿದರು. ಅರ್ಹತೆಯ ವರ್ಷ ಉಳಿಸಿಕೊಂಡು ಬ್ರಯಂಟ್ ತಂಡ ಬಿಟ್ಟ. ಮುಂದಿನ ಪಂದ್ಯದಲ್ಲೇ, ಸಿರಾಕ್ಯೂಸ್ ಎದುರು, ಲಾರೆನ್ಸ್‌ಗೆ ಪೆಟ್ಟಾಯಿತು. ಚೇಸ್ ಬ್ರೈಸ್ ಎಂಬ ಬದಲಿ ಹುಡುಗ ಹಿಂದಿದ್ದ ತಂಡವನ್ನು 27-23ಕ್ಕೆ ಗೆಲ್ಲಿಸಿದ. ಆದ್ದರಿಂದ ಬದಲಿಸಿ ಎನ್ನುವ ದಿನ, ಈಗ ಆಡುತ್ತಿರುವವನು ಹೊರಟುಹೋದರೆ ಸಾಲಿನಲ್ಲಿ ಮುಂದೆ ಯಾರಿದ್ದಾರೆ, ಅವನು ಈವರೆಗೆ ಎಷ್ಟು ಸ್ನ್ಯಾಪ್ ಆಡಿದ್ದಾನೆ ಎಂಬುದೂ ನಿಮ್ಮ ನೋಟ್‌ಬುಕ್‌ನಲ್ಲಿ ಇರಬೇಕು.